ಮಂಜು, ಮಿಂಚು ಮತ್ತು ಮನೆಯ ಕಂಪ್ಯೂಟರ್

ಕೊಡಗಿನ ಮನೆಗೆ ಕಂಪ್ಯೂಟರ್ ತರುವವರು ಮೊದಲು ಗೋಡೆ ನೋಡಬೇಕು. ಜುಲೈ ತಿಂಗಳಲ್ಲಿ ಯಾವ ಗೋಡೆ ಬೆವರುತ್ತದೆ, ಯಾವ ಕೋಣೆಯ ಬೀರುವಿನಲ್ಲಿ ಬೆಲ್ಟು, ಚಪ್ಪಲಿಗಳಿಗೆ ಬೂಷ್ಟು ಹಿಡಿಯುತ್ತದೆ, ಯಾವ ಪ್ಲಗ್ಗಿನ ಮೂರನೇ ತೂತಿಗೆ ನಿಜವಾಗಿಯೂ ಅರ್ತ್ ತಂತಿ ಬಂದಿದೆ ಎಂಬುದು ಗೊತ್ತಾಗಬೇಕು. ಪ್ರೊಸೆಸರ್, ಮೆಮೊರಿಯ ಮಾತು ಆಮೇಲಿನದು. ಅದನ್ನು ಯಾವ ಅಂಗಡಿಯವರಾದರೂ ಹೇಳಿಕೊಡುತ್ತಾರೆ. ಗೋಡೆಯ ವಿಷಯ ಹೇಳುವವರಿಲ್ಲ.

ಮಡಿಕೇರಿ ಮತ್ತು ಸೋಮವಾರಪೇಟೆಯ ನಡುವಿನ ಗುಡ್ಡದ ಮೇಲಿರುವ ನಮ್ಮ ಮನೆಗೆ 2025ರ ಬೇಸಿಗೆಯಲ್ಲಿ ಹೊಸ ಡೆಸ್ಕ್‌ಟಾಪ್ ಬಂತು. ಹಳೆಯದು ಕೆಟ್ಟಿರಲಿಲ್ಲ. ಆದರೆ ಅದರಲ್ಲಿದ್ದ ವಿಂಡೋಸ್ 10ಕ್ಕೆ ಆ ವರ್ಷದ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಎಂದು ಮೈಕ್ರೋಸಾಫ್ಟ್ ಮೊದಲೇ ತಿಳಿಸಿತ್ತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಳೆಯ ಯಂತ್ರದಲ್ಲಿ ಇರಲಿಲ್ಲ. ಕಾಫಿ ತೋಟದ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ ನಡೆಯುವ ಮನೆಯಲ್ಲಿ ಭದ್ರತೆ ಇಲ್ಲದ ಯಂತ್ರ ಇಟ್ಟುಕೊಳ್ಳುವುದು ಸರಿಯಲ್ಲ. ಹಳೆಯದಕ್ಕೆ ಲಿನಕ್ಸ್ ಮಿಂಟ್ ಹಾಕಿ ಮಗಳಿಗೆ ಕೊಟ್ಟೆವು. ಅವಳ ಓದಿಗೆ, ಕನ್ನಡ ಟೈಪಿಂಗ್‌ಗೆ ಅದು ಇನ್ನೂ ಚೆನ್ನಾಗಿ ನಡೆಯುತ್ತಿದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಎಲ್ಲರೂ ಈ ದಾರಿಯನ್ನು ಒಮ್ಮೆ ನೋಡಲಿ ಎಂಬುದು ನನ್ನ ಮನವಿ.

ಹೊಸದರಲ್ಲಿ ಇರುವುದು ಆರು ಕೋರ್‌ಗಳ ಪ್ರೊಸೆಸರ್, 16 ಜಿಬಿ ಮೆಮೊರಿ, 512 ಜಿಬಿಯ ಎಸ್‌ಎಸ್‌ಡಿ, 24 ಇಂಚಿನ ಪರದೆ. ಮೈಸೂರಿನಲ್ಲಿ ಜೋಡಿಸಿ ತಂದದ್ದು. ಲ್ಯಾಪ್‌ಟಾಪ್ ಯಾಕಲ್ಲ ಎಂದು ಬಹಳ ಜನ ಕೇಳಿದರು. ಕರೆಂಟ್ ಹೋದರೂ ನಡೆಯುವ ಬ್ಯಾಟರಿ ಲ್ಯಾಪ್‌ಟಾಪಿನ ದೊಡ್ಡ ಗುಣ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಭಾಗಗಳು ಒಂದೇ ಬೋರ್ಡಿಗೆ ಅಂಟಿಕೊಂಡಿರುತ್ತವೆ. ತೇವಕ್ಕೆ ಒಂದು ಮೂಲೆ ಕೆಟ್ಟರೆ ಇಡೀ ಬೋರ್ಡ್ ಬದಲಿಸಬೇಕಾಗುತ್ತದೆ. ಡೆಸ್ಕ್‌ಟಾಪಿನಲ್ಲಿ ಎರಡು ಸ್ಕ್ರೂ ಬಿಚ್ಚಿದರೆ ಪಕ್ಕದ ತಗಡು ಕೈಗೆ ಬರುತ್ತದೆ. ಪವರ್ ಸಪ್ಲೈ ಸುಟ್ಟರೆ ಪವರ್ ಸಪ್ಲೈ, ಫ್ಯಾನ್ ನಿಂತರೆ ಫ್ಯಾನ್, ಕೀಬೋರ್ಡಿಗೆ ಬೂಷ್ಟು ಬಂದರೆ ಕೀಬೋರ್ಡ್ ಮಾತ್ರ ಬದಲಿಸಿದರಾಯಿತು. ರಿಪೇರಿ ಅಂಗಡಿ ದೂರವಿರುವ ನಮ್ಮಂಥವರಿಗೆ ಇದು ಸಣ್ಣ ಸೌಲಭ್ಯವಲ್ಲ.

ತೇವದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಡಗು ಎಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ಸಾಮಾನ್ಯ. ಅಲ್ಲಿಂದ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ಪೂರ್ವಕ್ಕೆ ಕುಶಾಲನಗರದಲ್ಲಿ ಅದರ ಕಾಲು ಭಾಗವೂ ಬಂದರೆ ಬಂತು. ಕುಶಾಲನಗರದ ಮನೆಯಲ್ಲಿ ಹತ್ತು ವರ್ಷ ಬಾಳುವ ಯಂತ್ರ ಮಳೆ ಹೆಚ್ಚಿರುವ ಗಾಳಿಬೀಡಿನ ಕಡೆ ಅಷ್ಟು ಬಾಳಬೇಕಾದರೆ ಆರೈಕೆ ಬೇರೆಯೇ ಬೇಕು. ಕಂಪ್ಯೂಟರಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80 ಅಥವಾ 90 ಮೀರಬಾರದು, ಒಳಗೆ ನೀರು ಹನಿಗಟ್ಟಬಾರದು ಎಂದು ಬರೆದಿರುತ್ತದೆ. ನಮ್ಮ ಗುಡ್ಡದ ಮೇಲೆ ಮಂಜು ಕಿಟಕಿಯಿಂದ ಒಳಗೆ ಬಂದು ಕೂರುವ ದಿನಗಳಲ್ಲಿ ಈ ಮಿತಿ ಬೆಳಗ್ಗೆಯೇ ದಾಟಿರುತ್ತದೆ.

ಹಾಗಾದರೆ ಯಂತ್ರ ಹೇಗೆ ಉಳಿಯುತ್ತದೆ? ತನ್ನದೇ ಬಿಸಿಯಿಂದ. ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಶೇ 95 ಆರ್ದ್ರತೆ ಇರುವ ಕೋಣೆಯ ಗಾಳಿ ಪೆಟ್ಟಿಗೆಯೊಳಗೆ ಹೋಗಿ 35 ಡಿಗ್ರಿಗೆ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ 40ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇದ್ದರೂ ತಗಡಿನ ಮೇಲೆ, ಬೋರ್ಡಿನ ಮೇಲೆ ಅದು ಕೂರುವುದಿಲ್ಲ. ಅಪಾಯ ಬರುವುದು ಯಂತ್ರ ನಾಲ್ಕಾರು ದಿನ ಆಫ್ ಆಗಿದ್ದಾಗ. ಒಣಗಿಸಿ ಚೀಲ ಕಟ್ಟಿದ ಚೆರಿ ಕಾಫಿ ಗೋದಾಮಿನ ನೆಲದಿಂದ ತೇವ ಎಳೆದುಕೊಳ್ಳುತ್ತದೆ ಎಂದು ಕೆಳಗೆ ಹಲಗೆ ಹಾಕುತ್ತೇವಲ್ಲ, ಸುಮ್ಮನೆ ಕೂತ ಕಂಪ್ಯೂಟರಿನ ಒಳಗಿನ ಧೂಳೂ ಹಾಗೆಯೇ ತೇವ ಎಳೆಯುತ್ತದೆ. ಒಣ ಧೂಳು ವಿದ್ಯುತ್ ಹರಿಸುವುದಿಲ್ಲ. ಒದ್ದೆ ಧೂಳು ಹರಿಸುತ್ತದೆ, ಜೊತೆಗೆ ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೊಮ್ಮೆ ಯಂತ್ರ ಚಾಲೂ ಮಾಡಿ ಒಂದಷ್ಟು ಹೊತ್ತು ಬಿಡುತ್ತೇವೆ. ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ತೆಗೆದೇ ಹಾಕಿದೆವು. ಅದು ಧೂಳು ತಡೆಯುವುದಕ್ಕಿಂತ ತೇವವನ್ನು ಒಳಗೇ ಹಿಡಿದಿಡುವುದು ಹೆಚ್ಚು. ಮಳೆ ಶುರುವಾಗುವ ಮೊದಲು, ಮೇ ತಿಂಗಳ ಒಣ ದಿನವೊಂದರಲ್ಲಿ ಪೆಟ್ಟಿಗೆ ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು ಇನ್ನೊಂದು ಕ್ರಮ.

ಹೊರಗೋಡೆಗೆ ತಾಗಿಸಿ ಮೇಜು ಇಡಬಾರದು. ಅಡುಗೆಮನೆಯ ಒಲೆಯ ಬಿಸಿ ತಾಕುವ ಒಳಗೋಡೆಯ ಪಕ್ಕ ಒಳ್ಳೆಯದು, ಅದರ ಹೊಗೆ ಮಾತ್ರ ಬರಬಾರದು.

ಮಿಂಚಿನ ಕಾಲ ಬೇರೆ. ಮಳೆ ಜೋರಾಗಿ ಹೊಯ್ಯುವ ಜೂನ್, ಜುಲೈ, ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡುಗು ಸಿಡಿಲು ಕಡಿಮೆ. ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿಯುವ ಮುಂಗಾರಿನ ಮೋಡಗಳು ಹೆಚ್ಚಾಗಿ ಅಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ಬೇಸಿಗೆಯ ಮೋಡಗಳು ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದು ಬಹಳ ಎತ್ತರಕ್ಕೆ ಬೆಳೆಯುತ್ತವೆ. ಅಲ್ಲಿನ ಹಿಮಕಣಗಳು ಒಂದಕ್ಕೊಂದು ತಾಕಿ ವಿದ್ಯುತ್ ಕೂಡಿಕೊಳ್ಳುತ್ತದೆ. ಹಾಗಾಗಿ ನಮ್ಮ ಭಯದ ಕಾಲ ಮಾರ್ಚ್ ಕೊನೆಯಿಂದ ಮೇ ತನಕ, ಮತ್ತೆ ಅಕ್ಟೋಬರಿನ ಸಂಜೆಗಳು. ಕಾಫಿಗೆ ಹೂಮಳೆ ತರುವ ಮೋಡವೇ ಸಿಡಿಲನ್ನೂ ತರುತ್ತದೆ.

ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ದೂರದ ಕಂಬಕ್ಕೋ ಸಿಲ್ವರ್ ಮರಕ್ಕೋ ಹೊಡೆದರೂ ತೋಟದ ನಡುವೆ ಉದ್ದಕ್ಕೆ ಎಳೆದ ತಂತಿಯಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಏಳುತ್ತದೆ. ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಪಟ್ಟಿಯೊಳಗೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಅದು ತಾನೇ ದಾರಿ ತೆರೆದು ಹೆಚ್ಚುವರಿ ವಿದ್ಯುತ್ತನ್ನು ಬೇರೆಡೆಗೆ, ಮುಖ್ಯವಾಗಿ ಭೂಮಿಗೆ ಕಳಿಸುತ್ತದೆ. ಭೂಮಿಯ ದಾರಿಯೇ ಸರಿಯಿಲ್ಲದ ಮನೆಯಲ್ಲಿ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿ ಹೊಡೆತಕ್ಕೂ ಆ ಬಿಲ್ಲೆ ಸವೆಯುತ್ತದೆ ಕೂಡ.

ನಮ್ಮಲ್ಲಿ ಬಹಳ ಹಳೆಯ ಮನೆಗಳ ಪ್ಲಗ್ಗುಗಳಲ್ಲಿ ಮೂರನೇ ತೂತು ಹೆಸರಿಗಷ್ಟೇ ಇರುತ್ತದೆ. ಇದನ್ನು ತಿಳಿಯಲು ಒಂದು ಸೂಚನೆ ಇದೆ. ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ತಗಡು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುತ್ತದೆ. ಪವರ್ ಸಪ್ಲೈ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ತಗಡಿಗೆ ಜೋಡಣೆಯಾಗಿರುತ್ತವೆ. ಅರ್ತ್ ಇದ್ದರೆ ಅವುಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಮೈಯನ್ನು ಹುಡುಕುತ್ತದೆ. ಹಾಗೆ ಜುಮ್ಮೆಂದರೆ ಯಂತ್ರ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೊರುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತ್ ನೋಡಿಸಬೇಕು.

ನಾವು ಹೊಸ ಯಂತ್ರದ ಜೊತೆಗೇ ಹೊಸ ಅರ್ತ್ ಗುಂಡಿ ತೆಗೆಸಿದೆವು. ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಐದು ಓಮ್‌ಗಿಂತ ಕಡಿಮೆ ಬಂದರೆ ಚೆನ್ನಾಗಿದೆ ಎಂಬುದು ಕೆಲಸದವರ ಲೆಕ್ಕ. ಇಲ್ಲೊಂದು ಸೂಕ್ಷ್ಮವಿದೆ. ಮಣ್ಣು ಒದ್ದೆ ಇದ್ದಷ್ಟು ಅರ್ತ್ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಕೊಡಗಿನ ಯಾವ ಗುಂಡಿಯಾದರೂ ಚೆನ್ನಾಗಿಯೇ ಇರುತ್ತದೆ. ನಾಲ್ಕು ತಿಂಗಳು ಒಣಗಿ ಮಣ್ಣು ಬಿರಿದಿರುವ ಮಾರ್ಚ್ ಕೊನೆಯಲ್ಲಿ ಗುಂಡಿ ಅತ್ಯಂತ ದುರ್ಬಲವಾಗಿರುತ್ತದೆ, ಸಿಡಿಲು ಬರುವುದೂ ಆಗಲೇ. ಫೆಬ್ರವರಿಯಿಂದ ವಾರಕ್ಕೊಮ್ಮೆ ಆ ಪೈಪಿಗೆ ಎರಡು ಬಿಂದಿಗೆ ನೀರು ಹೊಯ್ಯುವುದನ್ನು ಮನೆಯ ಕೆಲಸದ ಪಟ್ಟಿಗೆ ಸೇರಿಸಿದ್ದೇವೆ. ಇಷ್ಟಾದರೂ ಮೋಡ ಕಪ್ಪಾದಾಗ ಪ್ಲಗ್ ಕೀಳುವುದೇ ಖಾತ್ರಿಯ ಉಪಾಯ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಹೊರಗೆ ಎಳೆಯಬೇಕು. ಇಂಟರ್ನೆಟ್ ಪೆಟ್ಟಿಗೆಯದ್ದೂ ಸೇರಿ. ಫೈಬರ್ ಗಾಜಿನ ಎಳೆಯಾದ್ದರಿಂದ ವಿದ್ಯುತ್ ಹರಿಸುವುದಿಲ್ಲ ಎಂಬುದು ನಿಜ, ಆದರೆ ಮರದಿಂದ ಮರಕ್ಕೆ ಎಳೆಯುವ ಕೇಬಲ್ಲಿನಲ್ಲಿ ಗಟ್ಟಿತನಕ್ಕಾಗಿ ಉಕ್ಕಿನ ತಂತಿಯೂ ಇರುವುದುಂಟು.

ಯುಪಿಎಸ್ ಬಗ್ಗೆ ಚಿಕ್ಕದಾಗಿ ಹೇಳಿ ವಿದ್ಯುತ್ತಿನ ಮಾತು ಮುಗಿಸುತ್ತೇನೆ. ಮನೆಗೆ ಇನ್ವರ್ಟರ್ ಇದ್ದರೆ ಯುಪಿಎಸ್ ಯಾಕೆ ಎಂಬ ಪ್ರಶ್ನೆ ಸಹಜ. ಕರೆಂಟ್ ಹೋದ ಕ್ಷಣದಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ತನ್ನೊಳಗಿನ ಶೇಖರಣೆಯಿಂದ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಅಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ತಿ ಅಲೆಗಿಂತಲೂ ಕಡಿಮೆ ಹೊತ್ತು. ಒಳ್ಳೆಯ ಯುಪಿಎಸ್ ಅಷ್ಟರೊಳಗೆ ಬ್ಯಾಟರಿಗೆ ಬದಲಾಗುತ್ತದೆ. ಫ್ಯಾನು, ದೀಪಕ್ಕೆಂದು ಇರುವ ಇನ್ವರ್ಟರ್ ಸಾಮಾನ್ಯ ಕ್ರಮದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ದೀಪ ಮಿಣುಕುವುದು ನಮಗೆ ಕಾಣುವುದು ಅದರಿಂದಲೇ. ನಮ್ಮದು 600 ವಿಎಯ ಸಣ್ಣ ಯುಪಿಎಸ್. ಬರೆದದ್ದನ್ನು ಉಳಿಸಿ ಯಂತ್ರ ಮುಚ್ಚುವಷ್ಟು ಹೊತ್ತು ಕೊಡುತ್ತದೆ, ಅಷ್ಟು ಸಾಕು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕಲು ಸುತ್ತಲಿನ ಮೋಟಾರುಗಳೆಲ್ಲ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಆಗಲೂ ಯುಪಿಎಸ್ಸೇ ಅದನ್ನು ಎತ್ತಿ ಕೊಡುತ್ತದೆ.

ಇಷ್ಟೆಲ್ಲ ಸಿದ್ಧತೆ ಮಾಡಿ ತಂದ ಯಂತ್ರದಿಂದ ಮನೆಗೆ ಏನು ಬಂತು? ಮೊದಲ ಸಂತೋಷ ಕಣ್ಣಿಗೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತವೆ. ಹಳೆಯ ಪರದೆಯಲ್ಲಿ ‘ಷ್ಟ್ರ’, ‘ಕ್ಷ್ಮ’ ಮಸಿಯ ಚುಕ್ಕೆಯಂತೆ ಕಾಣುತ್ತಿದ್ದವು. ದೊಡ್ಡ ಪರದೆಯಲ್ಲಿ ನೋಟೊ, ನಿರ್ಮಲಾ ಫಾಂಟಿನ ಅಕ್ಷರಗಳು ಅಚ್ಚಿನ ಪುಟದಷ್ಟು ಸ್ಪಷ್ಟ. ಅವ್ವ ಕನ್ನಡಕ ಹಾಕಿಕೊಂಡು ಪತ್ರಿಕೆಯ ಪುಟಗಳನ್ನು ಈಗ ಇದರಲ್ಲೇ ಓದುತ್ತಾರೆ. ಪಹಣಿಯ ಕಾಲಂಗಳನ್ನು ಮೊಬೈಲಿನಲ್ಲಿ ಅತ್ತಿತ್ತ ಎಳೆದು ನೋಡುವ ಕಷ್ಟವೂ ತಪ್ಪಿತು.

ಬರೆಯುವುದಕ್ಕೆ ನಾನು ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಬಳಸುತ್ತೇನೆ. ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ಈ ಕ್ರಮದಲ್ಲಿ ವ್ಯಂಜನ, ಆಮೇಲೆ ಸ್ವರ ಎಂದು ಉಚ್ಚಾರದ ದಾರಿಯಲ್ಲೇ ಬೆರಳು ಹೋಗುತ್ತದೆ. ಒತ್ತು ಬೇಕಾದಾಗ ‘ಎಫ್’ ಕೀಲಿ ಒಂದೇ ಸಾಕು. ಇಷ್ಟು ಕಡಿಮೆ ಕೀಲಿಗಳಲ್ಲಿ ಕನ್ನಡದ ಇಡೀ ಅಕ್ಷರಮಾಲೆಯನ್ನು ಇಳಿಸಿದ ಆ ಬುದ್ಧಿಗೆ ನಾನು ದಿನವೂ ಕೃತಜ್ಞ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಇದನ್ನೇ ಆಧರಿಸಿ ಸರ್ಕಾರಿ ಕಚೇರಿಗಳಿಗೆ ಹೋಯಿತು. ಲಿನಕ್ಸಿನಲ್ಲಿ ಇದು ‘ಕಗಪ’ ಎಂಬ ಹೆಸರಿನಲ್ಲಿ ಜೊತೆಗೇ ಬರುತ್ತದೆ, ಬೇರೆ ತಂತ್ರಾಂಶ ಬೇಡ.

ಹಳೆಯ ಕಡತಗಳ ಕತೆ ಬೇರೆ. 1998ರಲ್ಲಿ ಬಂದ ಬರಹ ತಂತ್ರಾಂಶ, ಆಮೇಲಿನ ನುಡಿಯ ಹಳೆಯ ಆವೃತ್ತಿಗಳಲ್ಲಿ ಬರೆದ ಪತ್ರಗಳನ್ನು ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಆ ಫಾಂಟ್ ಇದ್ದರಷ್ಟೇ ಕನ್ನಡ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ತನ್ನದೇ ಜಾಗ ಸಿಕ್ಕಿದ್ದರೂ ನಮ್ಮ ಮನೆಗಳ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ, ಅದರ ತುಂಗಾ ಫಾಂಟ್ ಜೊತೆಗೆ. ಕುಟುಂಬದ ಹಳೆಯ ಪತ್ರ, ಸಂಘದ ವರದಿಗಳು ಯಾರ ಮನೆಯಲ್ಲಾದರೂ ಹಳೆಯ ನುಡಿಯಲ್ಲಿ ಉಳಿದಿದ್ದರೆ ದಯವಿಟ್ಟು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಡಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಆ ಫಾಂಟುಗಳು ಇನ್ನೆಷ್ಟು ವರ್ಷ ಸಿಗುತ್ತವೋ ಹೇಳಲಾಗದು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಮಳೆ ಪುಸ್ತಕದ್ದು. ಕಾಫಿ ಬೆಳೆಯುವ ಮನೆಗಳಲ್ಲಿ ಅಂಗಳದ ಮಳೆಮಾಪಕವನ್ನು ಬೆಳಗ್ಗೆ ನೋಡಿ ಬರೆದಿಡುವುದು ಹಳೆಯ ರೂಢಿ. ಇಂಚು ಮತ್ತು ಸೆಂಟ್ಸ್‌ನಲ್ಲಿ ಲೆಕ್ಕ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನೆರೆಯವರು ಫೋನಿನಲ್ಲಿ ಕೇಳುವ ಮೊದಲ ಮಾತೂ ‘ನಿಮ್ಮಲ್ಲಿ ಎಷ್ಟು ಸೆಂಟ್ಸ್?’ ಎಂದೇ. ಅಜ್ಜ ಬರೆದ ಪುಸ್ತಕಗಳು, ಆಮೇಲೆ ಅಪ್ಪನವು, ಬೆಳ್ಳಿಮೀನು ತಿಂದ ಅಂಚುಗಳೊಂದಿಗೆ ಪೆಟ್ಟಿಗೆಯಲ್ಲಿದ್ದವು. ಮಳೆಗಾಲದ ಸಂಜೆಗಳಲ್ಲಿ ಅವ್ವ ಓದಿ ಹೇಳುವುದು, ನಾನು ಸ್ಪ್ರೆಡ್‌ಶೀಟಿಗೆ ತುಂಬುವುದು. ದಿನ, ಇಂಚು, ಪಕ್ಕದ ಟಿಪ್ಪಣಿ. ಟಿಪ್ಪಣಿಗಳಲ್ಲಿ ‘ಹೂಮಳೆ’, ‘ಗದ್ದೆ ನಾಟಿ’, ‘ಸೇತುವೆ ಮೇಲೆ ನೀರು’ ಎಂದೆಲ್ಲ ಇದೆ.

ಒಟ್ಟು ವರ್ಷದ ಮಳೆಗಿಂತ ಕಾಫಿಗೆ ಮುಖ್ಯವಾದದ್ದು ಮಳೆ ಬೀಳುವ ವಾರ. ಮೊಗ್ಗು ಸಿದ್ಧವಾಗಿರುವಾಗ ಸುಮಾರು ಒಂದು ಇಂಚು ಹೂಮಳೆ ಬೇಕು, ಅರಳಿದ ಎರಡು ಮೂರು ವಾರದೊಳಗೆ ಇನ್ನೊಂದು ಬ್ಯಾಕಿಂಗ್ ಮಳೆ ಬೇಕು. ಎರಡನೆಯದು ತಪ್ಪಿದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಇದನ್ನು ಹುಡುಕಬೇಕಾದರೆ ಪುಟ ಪುಟ ತಿರುವಬೇಕಿತ್ತು. ಈಗ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ಸಾಲುಗಳನ್ನು ಮಾತ್ರ ಎಳೆದು ಎರಡು ಮಳೆಗಳ ನಡುವಿನ ಅಂತರ ಪ್ರತಿ ವರ್ಷ ಎಷ್ಟಿತ್ತು ಎಂದು ಒಂದೇ ನೋಟದಲ್ಲಿ ಕಾಣಬಹುದು. ಪಕ್ಕದಲ್ಲೇ ಆ ವರ್ಷದ ಫಸಲಿನ ಚೀಲಗಳ ಲೆಕ್ಕ ಇಟ್ಟಿದ್ದೇನೆ. ಮಳೆಗೆ ಕಾಯಬೇಕೋ, ನೀರು ಹಾಯಿಸಲು ಪಂಪ್ ಶುರು ಮಾಡಬೇಕೋ ಎಂಬ ಪ್ರತಿ ವರ್ಷದ ಚಿಂತೆಗೆ ಮನೆಯ ಹಿರಿಯರೇ ಬರೆದಿಟ್ಟ ಆಧಾರ ಸಿಕ್ಕಿತು. ಇಂಥ ಪುಸ್ತಕಗಳು ಕೊಡಗಿನ ಅದೆಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಒಂದೊಂದು ಗುಡ್ಡದ ಮಳೆಯನ್ನು ಅಷ್ಟು ನಿಷ್ಠೆಯಿಂದ ಬರೆದಿಟ್ಟ ದಾಖಲೆ ಕೊಳೆತು ಹೋಗಲು ಬಿಡಬಾರದು.

ಅದೇ ಹಾಳೆಯ ಇನ್ನೊಂದು ಪುಟದಲ್ಲಿ ಬೆಲೆಯ ಲೆಕ್ಕ. ಲಂಡನ್ ಮಾರುಕಟ್ಟೆ ರೋಬಸ್ಟಾವನ್ನು ಟನ್ನಿಗೆ ಇಷ್ಟು ಡಾಲರ್ ಎನ್ನುತ್ತದೆ, ನ್ಯೂಯಾರ್ಕ್ ಅರೇಬಿಕಾವನ್ನು ಪೌಂಡಿಗೆ ಇಷ್ಟು ಸೆಂಟ್ ಎನ್ನುತ್ತದೆ, ನಮ್ಮೂರಿನ ವ್ಯಾಪಾರಿ 50 ಕಿಲೋ ಚೀಲಕ್ಕೆ ಔಟ್‌ಟರ್ನ್ (ಚೀಲದಿಂದ ಸಿಗುವ ಬೇಳೆಯ ತೂಕ) ನೋಡಿ ಹೇಳುತ್ತಾರೆ. ಮೂರನ್ನೂ ಒಂದೇ ಅಳತೆಗೆ ತಂದಾಗ ಮಾರುವವರಿಗೆ ಧೈರ್ಯ ಬರುತ್ತದೆ. ಕಾಫಿ ಬೋರ್ಡ್ ಒಟ್ಟಿಗೆ ಕೊಂಡು ಮಾರುತ್ತಿದ್ದ ಕಾಲದಲ್ಲಿ ಈ ಲೆಕ್ಕ ಬೆಳೆಗಾರರಿಗೆ ಬೇಕಿರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಅದು ನಮ್ಮ ಹೆಗಲಿಗೆ ಬಿತ್ತು.

ಅವ್ವ ಒಂದು ನೋಟ್‌ಪುಸ್ತಕದಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದಾರೆ. ಅದನ್ನೂ ಟೈಪ್ ಮಾಡಲು ಹೊರಟಾಗ ತೊಡಕಾಯಿತು. ಕೊಡವ ತಕ್ಕ್‌ನಲ್ಲಿ ನಾಲಗೆಯ ನಡುವಿನಿಂದ ಹುಟ್ಟುವ ಕೆಲವು ಸ್ವರಗಳಿವೆ, ಕನ್ನಡ ಲಿಪಿಯಲ್ಲಿ ಅವಕ್ಕೆ ಗುರುತಿಲ್ಲ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡು, ಆಚರಣೆಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿದರು. ಓದುವವರಿಗೆ ಮಾತು ಗೊತ್ತಿತ್ತು, ಆದ್ದರಿಂದ ನಡೆಯಿತು. ಮೈಸೂರು, ಬೆಂಗಳೂರಿನಲ್ಲಿ ಬೆಳೆಯುವ ಮಕ್ಕಳಿಗೆ ಬರಹ ಮಾತ್ರ ಸಾಲದು. ಹಾಗಾಗಿ ಪ್ರತಿ ಹಾಡಿನ ಕಡತದ ಜೊತೆಗೆ ಅವ್ವನ ಧ್ವನಿಯನ್ನೂ ಮುದ್ರಿಸಿ ಒಂದೇ ಹೆಸರಿನಲ್ಲಿ ಇಡುತ್ತಿದ್ದೇವೆ. ಚಿಣ್ಣಪ್ಪನವರ ಮೊಮ್ಮಗಳು, ಸಂಖ್ಯಾಶಾಸ್ತ್ರಜ್ಞೆ ಬೊವ್ವೇರಿಯಂಡ ನಂಜಮ್ಮ ಮತ್ತು ಅವರ ಪತಿ ಚಿಣ್ಣಪ್ಪ ಕೊಡವ ಕುಟುಂಬಗಳ ಮೂಲ ಮನೆಗಳಾದ ಐನ್‌ಮನೆಗಳನ್ನು ಊರೂರು ಸುತ್ತಿ ದಾಖಲಿಸಿದ್ದನ್ನು ನೋಡಿದಾಗ ಇಂಥ ಕೆಲಸ ಒಂದು ಮನೆಯ ಮೇಜಿನ ಮೇಲೂ ಶುರುವಾಗಬಲ್ಲದು ಎಂಬ ನಂಬಿಕೆ ಬರುತ್ತದೆ.

ಹೀಗೆ ತುಂಬಿದ್ದೆಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಏನಾಗಬಹುದೆಂದು 2018ರ ಆಗಸ್ಟ್ ನಮಗೆ ತೋರಿಸಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಹೊರಬಂದವರ ಮನೆಗಳಲ್ಲಿ ಆಲ್ಬಮ್ಮುಗಳಿದ್ದವು, ಆಸ್ತಿ ಪತ್ರಗಳಿದ್ದವು. ಇಂಟರ್ನೆಟ್ಟಿನಲ್ಲಿ ಪ್ರತಿ ಇಡಬಹುದು, ಇಟ್ಟೂ ಇದ್ದೇವೆ. ಆದರೆ ಮರ ಬಿದ್ದು ಫೈಬರ್ ತುಂಡಾಗಿ, ಕರೆಂಟಿಲ್ಲದೆ ಟವರ್ ಮೌನವಾದ ವಾರದಲ್ಲಿ ಅದು ಹೋಗುವುದೂ ಇಲ್ಲ, ಬರುವುದೂ ಇಲ್ಲ. ಅದಕ್ಕಾಗಿ ಒಂದು ಹಾರ್ಡ್ ಡಿಸ್ಕನ್ನು ಹೊರಪೆಟ್ಟಿಗೆಗೆ ಹಾಕಿ ಒಂದು ಪ್ರತಿ ಮನೆಯಲ್ಲೇ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇವೆ. ಇನ್ನೊಂದು ಪ್ರತಿ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಮೇ ತಿಂಗಳಲ್ಲಿ ಒಮ್ಮೆ, ಕಾಫಿ ಕೊಯ್ಲು ಶುರುವಾಗುವ ಮೊದಲು ಒಮ್ಮೆ ಅದನ್ನು ತರಿಸಿ ಹೊಸದನ್ನು ಸೇರಿಸಿ ಕಳಿಸುತ್ತೇವೆ. ಅಪ್ಪನ ಕೊನೆಯ ಕೆಲವು ಮಳೆ ಪುಸ್ತಕಗಳು ಇನ್ನೂ ತುಂಬಲು ಬಾಕಿ ಇವೆ. ಈ ಮಳೆಗಾಲಕ್ಕೆ ಅದೇ ಕೆಲಸ.